ಲೋಹಶೋಧಕದ ರಿಸೀವರ್: ಮೊದಲ ಹತ್ತು ಮೈಕ್ರೊಸೆಕೆಂಡಿನ ಲೆಕ್ಕ

ಕನ್ವೇಯರ್ ಬೆಲ್ಟಿಗೆ ಅಳವಡಿಸುವ ಲೋಹಶೋಧಕಗಳನ್ನು ತಯಾರಿಸುವ ಸಣ್ಣ ಘಟಕಗಳಿಗೆ ಒಂದು ದೂರು ಹೊಸದಲ್ಲ. ತಯಾರಿಕಾ ಸ್ಥಳದಲ್ಲಿ ಪರೀಕ್ಷಿಸುವಾಗ ಯಂತ್ರವು ಕಬ್ಬಿಣದ ಬೋಲ್ಟು, ತಾಮ್ರದ ತುಂಡು, ಅಲ್ಯೂಮಿನಿಯಂ ಚೂರು ಎಲ್ಲವನ್ನೂ ತಪ್ಪದೆ ಪತ್ತೆಹಚ್ಚುತ್ತದೆ. ಖರೀದಿದಾರರ ಪ್ಲಾಸ್ಟಿಕ್ ಮರುಬಳಕೆ ಘಟಕದಲ್ಲೋ ಗಿರಣಿಯಲ್ಲೋ ಅದನ್ನು ಕೂರಿಸಿದ ಬಳಿಕ ಒಂದು ದಿನ ಸ್ಟೇನ್‌ಲೆಸ್ ಸ್ಟೀಲಿನ ನಟ್ಟೊಂದು ಸದ್ದಿಲ್ಲದೆ ದಾಟಿಹೋಗಿ ಕತ್ತರಿಸುವ ಬ್ಲೇಡುಗಳನ್ನು ಮುರಿಯುತ್ತದೆ. ಬಾಕಿ ಹಣ ನಿಲ್ಲುತ್ತದೆ, ಮುಂದಿನ ಆರ್ಡರು ಬೇರೆಯವರ ಪಾಲಾಗುತ್ತದೆ. ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲು ಅಯಸ್ಕಾಂತಕ್ಕೂ ಅಂಟದ ಕಾರಣ ಬೆಲ್ಟಿನ ಮೇಲೆ ಅಯಸ್ಕಾಂತ ತೂಗುಹಾಕಿದ್ದರೂ ಪ್ರಯೋಜನವಾಗುವುದಿಲ್ಲ. ಕಲ್ಲು ಕ್ರಷರ್‌ಗಳಲ್ಲಿ ಮ್ಯಾಂಗನೀಸ್ ಉಕ್ಕಿನ ತುಂಡುಗಳದ್ದೂ ಇದೇ ಕಥೆ.

ಇಂತಹ ದೂರು ಬಂದೊಡನೆ ಬಹುತೇಕ ತಯಾರಕರು ಕೈಹಾಕುವುದು ಯಂತ್ರದ ಶಕ್ತಿಗೆ. ಕಾಯಿಲ್‌ಗೆ ಹೆಚ್ಚು ಆಂಪಿಯರ್ ಹರಿಸಲಾಗುತ್ತದೆ, ದೊಡ್ಡ ಮಾಸ್ಫೆಟ್ ಹಾಕಲಾಗುತ್ತದೆ, ವಿದ್ಯುತ್ ಪೂರೈಕೆಯ ಭಾಗವನ್ನು ಬಲಪಡಿಸಲಾಗುತ್ತದೆ. ಖರ್ಚು ಏರುತ್ತದೆ, ಪೆಟ್ಟಿಗೆ ಬಿಸಿಯೇರುತ್ತದೆ, ನಟ್ಟು ಮಾತ್ರ ಮೊದಲಿನಂತೆಯೇ ದಾಟಿಹೋಗುತ್ತದೆ. ದೋಷವು ಶಕ್ತಿಯಲ್ಲಿರದೆ ರಿಸೀವರ್‌ನ ಪ್ರವೇಶ ಭಾಗದ ನಿಧಾನಗತಿಯಲ್ಲಿ ಇರುವುದೇ ಇದಕ್ಕೆ ಕಾರಣ. ಆ ಭಾಗದಲ್ಲಿರುವುದು ಒಂದೆರಡು ರೆಸಿಸ್ಟರ್, ಒಂದು ಜೊತೆ ಡಯೋಡ್ ಮತ್ತು ಒಂದು ಆಂಪ್ಲಿಫೈಯರ್ ಐಸಿ ಅಷ್ಟೆ. ಇಡೀ ಯಂತ್ರದಲ್ಲಿ ಅತ್ಯಂತ ಅಗ್ಗದ ಭಾಗವೂ ಇದೇ ಆಗಿರುವುದು ವಿಪರ್ಯಾಸ.

ಯಂತ್ರ ಕೇಳುವ ಪ್ರತಿಧ್ವನಿ

ಪಲ್ಸ್ ಇಂಡಕ್ಷನ್ ತತ್ತ್ವವನ್ನು 1960ರ ದಶಕದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪುರಾತತ್ತ್ವ ಸಂಶೋಧನಾ ಪ್ರಯೋಗಾಲಯದ ವಲಯದಲ್ಲಿ ನೆಲದೊಳಗಿನ ವಸ್ತುಗಳನ್ನು ಹುಡುಕಲು ಪರೀಕ್ಷಿಸಲಾಯಿತು. ಇಂದು ಇದೇ ತತ್ತ್ವವು ಗಣಿಗಳ ಕನ್ವೇಯರ್ ಕಾವಲಿನಲ್ಲಿ, ಚಿನ್ನದ ಗಟ್ಟಿ ಹುಡುಕುವ ಕೈ ಉಪಕರಣಗಳಲ್ಲಿ, ಭದ್ರತಾ ದ್ವಾರಗಳಲ್ಲಿ ಬಳಕೆಯಲ್ಲಿದೆ.

ಕಾಯಿಲ್‌ನಲ್ಲಿ ನೂರು ಇನ್ನೂರು ಮೈಕ್ರೊಸೆಕೆಂಡುಗಳ ಕಾಲ ಪ್ರವಾಹ ಹರಿಸಿ ಥಟ್ಟನೆ ನಿಲ್ಲಿಸಲಾಗುತ್ತದೆ. ಕಾಂತಕ್ಷೇತ್ರ ಕುಸಿಯುವಾಗ ಹತ್ತಿರದ ಲೋಹದೊಳಗೆ ಸುಳಿ ಪ್ರವಾಹ ಹುಟ್ಟುತ್ತದೆ. ಈ ಸುಳಿ ಪ್ರವಾಹ ಕ್ರಮೇಣ ಆರಿಹೋಗುವಾಗ ಅದರ ಕ್ಷೀಣ ಪ್ರತಿಧ್ವನಿಯನ್ನು ಅದೇ ಕಾಯಿಲ್ ಹಿಡಿದು ರಿಸೀವರ್‌ಗೆ ಕೊಡುತ್ತದೆ. ಸೆಕೆಂಡಿಗೆ ನೂರಾರು ಅಥವಾ ಸಾವಿರಾರು ಬಾರಿ ಈ ಕ್ರಿಯೆ ನಡೆಯುತ್ತದೆ.

ತೊಡಕು ಇರುವುದು ಪ್ರವಾಹ ನಿಲ್ಲುವ ಗಳಿಗೆಯಲ್ಲಿ. ಕಾಯಿಲ್ ತನ್ನೊಳಗಿನ ಶಕ್ತಿಯನ್ನು ಹೊರಹಾಕುವಾಗ ಅದರ ತುದಿಯಲ್ಲಿ 400 ವೋಲ್ಟಿನಷ್ಟು ಒತ್ತಡ ಏಳುತ್ತದೆ. ಹುಡುಕಬೇಕಾದ ಪ್ರತಿಧ್ವನಿಯಾದರೋ ಕೆಲವು ಮೈಕ್ರೊವೋಲ್ಟುಗಳಷ್ಟೇ. ಆನೆ ಘೀಳಿಟ್ಟ ಬೆನ್ನಲ್ಲೇ ಇರುವೆಯ ಹೆಜ್ಜೆ ಸಪ್ಪಳ ಕೇಳಿಸಿಕೊಳ್ಳುವಂತಹ ಕೆಲಸವಿದು. ಘೀಳು ಅಡಗುವವರೆಗೆ ರಿಸೀವರ್ ಕಾಯಬೇಕು. ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬುದರ ಮೇಲೆಯೇ ಯಂತ್ರದ ಯೋಗ್ಯತೆ ನಿಂತಿದೆ.

ಕಾಯುವುದರಿಂದ ಆಗುವ ನಷ್ಟವು ಎಲ್ಲ ಲೋಹಗಳಿಗೂ ಒಂದೇ ಅಲ್ಲ. ಪ್ರತಿಧ್ವನಿ ಆರುವ ವೇಗವು ಲೋಹದ ವಾಹಕತೆ ಮತ್ತು ಗಾತ್ರವನ್ನು ಅವಲಂಬಿಸಿದೆ. 10 ಮಿಲಿಮೀಟರ್ ವ್ಯಾಸದ ತಾಮ್ರದ ಗುಂಡಿಗೆ ಲೆಕ್ಕ ಹಾಕಿದರೆ ಆರುವ ಕಾಲಾಂಕ ಸುಮಾರು 185 ಮೈಕ್ರೊಸೆಕೆಂಡ್ ಬರುತ್ತದೆ. ಅಷ್ಟೇ ಗಾತ್ರದ ಸ್ಟೇನ್‌ಲೆಸ್ ಸ್ಟೀಲಿನ ಗುಂಡಿಗೆ ಅದು ಕೇವಲ 4.5 ಮೈಕ್ರೊಸೆಕೆಂಡ್. ಕಾಲಾಂಕವೆಂದರೆ ಸಂಕೇತವು ಮೊದಲಿನ ಶೇ. 37ಕ್ಕೆ ಇಳಿಯಲು ತಗಲುವ ಸಮಯ. ತಾಮ್ರದ ಗುಂಡಿಗಾಗಿ ರಿಸೀವರ್ 20 ಮೈಕ್ರೊಸೆಕೆಂಡ್ ಕಾದರೂ ಸಂಕೇತ ಹೆಚ್ಚುಕಡಿಮೆ ಹಾಗೆಯೇ ಉಳಿದಿರುತ್ತದೆ. ಸ್ಟೇನ್‌ಲೆಸ್ ಗುಂಡಿನ ಸಂಕೇತ ಅಷ್ಟು ಹೊತ್ತಿಗೆ ಬಹುಮಟ್ಟಿಗೆ ಸತ್ತುಹೋಗಿರುತ್ತದೆ. ತಯಾರಕರ ಮೇಜಿನ ಮೇಲೆ ಗೆದ್ದ ಯಂತ್ರ ಖರೀದಿದಾರರ ಬೆಲ್ಟಿನ ಮೇಲೆ ಸೋಲುವ ಗುಟ್ಟು ಇದು.

ಎರಡು ದಾರಿಗಳ ಹೋಲಿಕೆ

ಲೆಕ್ಕದ ಅನುಕೂಲಕ್ಕಾಗಿ ಸ್ಟೇನ್‌ಲೆಸ್ ನಟ್ಟಿನ ಕಾಲಾಂಕವನ್ನು 5 ಮೈಕ್ರೊಸೆಕೆಂಡ್ ಎಂದು ಹಿಡಿಯಬಹುದು. ಪ್ರವಾಹ ನಿಂತ 20 ಮೈಕ್ರೊಸೆಕೆಂಡ್ ನಂತರ ಸಂಕೇತವನ್ನು ಅಳೆದರೆ ಮೂಲದ ಶೇ. 1.8 ಮಾತ್ರ ಉಳಿದಿರುತ್ತದೆ. 10 ಮೈಕ್ರೊಸೆಕೆಂಡಿಗೇ ಅಳೆಯಲು ಸಾಧ್ಯವಾದರೆ ಶೇ. 13.5 ಸಿಗುತ್ತದೆ. ಅಂದರೆ ಏಳು ಪಟ್ಟಿಗೂ ಮಿಗಿಲು.

ಇದಕ್ಕೆ ಪ್ರತಿಯಾಗಿ ಕಾಯಿಲ್ ಪ್ರವಾಹವನ್ನು ದುಪ್ಪಟ್ಟು ಮಾಡಿದರೆ ಸಂಕೇತವೂ ದುಪ್ಪಟ್ಟಾಗುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಆದರೆ ಕಾಯಿಲ್‌ನಲ್ಲಿ ಶೇಖರವಾಗುವ ಶಕ್ತಿ ಮತ್ತು ತಂತಿಯ ಬಿಸಿ ನಾಲ್ಕು ಪಟ್ಟಾಗುತ್ತವೆ. ಆ ಹೆಚ್ಚುವರಿ ಶಕ್ತಿ ಹೊರಹೋಗಲು ಇನ್ನಷ್ಟು ಸಮಯ ಬೇಕಾಗುವುದರಿಂದ ಘೀಳಿನ ಅವಧಿಯೂ ಹಿಗ್ಗುತ್ತದೆ. ದುಬಾರಿ ದಾರಿಯು ಮೂಲ ದೋಷವನ್ನೇ ಪೋಷಿಸುತ್ತದೆ.

ಕೈಯಲ್ಲಿ ಹಿಡಿಯುವ ಉಪಕರಣಗಳನ್ನು ಮಾರುವವರಿಗೆ ಆಳದ ಲೆಕ್ಕ ಮುಖ್ಯ. “ಎಷ್ಟು ಅಡಿ ಆಳ?” ಎಂಬುದೇ ಕೊಳ್ಳುವವರ ಮೊದಲ ಪ್ರಶ್ನೆ. ಕಾಯಿಲ್‌ನ ಗಾತ್ರಕ್ಕಿಂತ ದೂರದಲ್ಲಿರುವ ಸಣ್ಣ ವಸ್ತುವಿನ ಸಂಕೇತವು ದೂರದ ಆರನೆಯ ಘಾತದಷ್ಟು ವೇಗದಲ್ಲಿ ಕುಗ್ಗುತ್ತದೆ. ಆದ್ದರಿಂದ ಪ್ರವಾಹವನ್ನು ದುಪ್ಪಟ್ಟು ಮಾಡಿದರೆ ಆಳ ಹೆಚ್ಚುವುದು ಶೇ. 12ರಷ್ಟೇ. ಅಳತೆಯನ್ನು 20ರಿಂದ 10 ಮೈಕ್ರೊಸೆಕೆಂಡಿಗೆ ತಂದರೆ ಮೇಲಿನ ನಟ್ಟಿನ ಮಟ್ಟಿಗೆ ಶೇ. 40ರಷ್ಟು ಹೆಚ್ಚಳ ಲೆಕ್ಕಕ್ಕೆ ಸಿಗುತ್ತದೆ. ಕರಪತ್ರದಲ್ಲಿ ಆಂಪಿಯರ್ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿಸುವವರು ಇದನ್ನು ಗಮನಿಸುವುದು ಒಳಿತು.

ಡ್ಯಾಂಪಿಂಗ್: ಅಡಗಿಸುವ ಕಲೆ

ಕಾಯಿಲ್‌ಗೆ ಇಂಡಕ್ಟನ್ಸ್ ಇದೆ. ಅದರ ಸುತ್ತುಗಳ ನಡುವೆ, ಕೇಬಲ್‌ನಲ್ಲಿ, ಮಾಸ್ಫೆಟ್‌ನೊಳಗೆ ಬಯಸದೆಯೇ ಬಂದ ಕೆಪಾಸಿಟನ್ಸ್ ಇದೆ. ಇವೆರಡೂ ಸೇರಿದರೆ ಉಯ್ಯಾಲೆಯಂತೆ ತೂಗಾಟ ಸಹಜ. ಅದನ್ನು ನಿಲ್ಲಿಸಲು ಕಾಯಿಲ್‌ಗೆ ಅಡ್ಡಲಾಗಿ ಡ್ಯಾಂಪಿಂಗ್ ರೆಸಿಸ್ಟರ್ ಹಾಕಲಾಗುತ್ತದೆ. ಬೆಲೆ ಹೆಚ್ಚಾದರೆ ತೂಗಾಟ ಉಳಿಯುತ್ತದೆ. ಕಡಿಮೆಯಾದರೆ ತೂಗಾಟವಿಲ್ಲದಿದ್ದರೂ ಇಳಿಕೆ ತೆವಳುತ್ತದೆ. ನಡುವಿನ ಸರಿಯಾದ ಬೆಲೆಗೆ ಸೂತ್ರ ಸರಳವಾಗಿದೆ: ಇಂಡಕ್ಟನ್ಸನ್ನು ಕೆಪಾಸಿಟನ್ಸಿನಿಂದ ಭಾಗಿಸಿ, ವರ್ಗಮೂಲ ತೆಗೆದು, ಅದರ ಅರ್ಧವನ್ನು ಹಿಡಿಯಬೇಕು.

300 ಮೈಕ್ರೊಹೆನ್ರಿ ಕಾಯಿಲ್‌ಗೆ ಒಟ್ಟು ಕೆಪಾಸಿಟನ್ಸ್ 1200 ಪೈಕೊಫ್ಯಾರಡ್ ಇದ್ದರೆ ಈ ಬೆಲೆ 250 ಓಮ್. 400 ವೋಲ್ಟಿನ ಒತ್ತಡವು ಅದರ ಕೋಟಿಯಲ್ಲಿ ಒಂದು ಪಾಲಿಗೆ, ಅಂದರೆ 40 ಮೈಕ್ರೊವೋಲ್ಟಿಗೆ ಇಳಿಯಲು ಆದರ್ಶ ಸ್ಥಿತಿಯಲ್ಲೂ ಸುಮಾರು 12 ಮೈಕ್ರೊಸೆಕೆಂಡ್ ಹಿಡಿಯುತ್ತದೆ. ಕೆಪಾಸಿಟನ್ಸನ್ನು 300 ಪೈಕೊಫ್ಯಾರಡ್‌ಗೆ ಇಳಿಸಿದರೆ ರೆಸಿಸ್ಟರ್ 500 ಓಮ್ ಆಗುತ್ತದೆ, ಇಳಿಕೆಯ ಸಮಯ ಅರ್ಧಕ್ಕೆ, ಅಂದರೆ ಸುಮಾರು 6 ಮೈಕ್ರೊಸೆಕೆಂಡಿಗೆ ಬರುತ್ತದೆ. ಆದ್ದರಿಂದ ಸುಧಾರಣೆಯ ಮೊದಲ ಹೆಜ್ಜೆ ಈ ಬೇಡದ ಕೆಪಾಸಿಟನ್ಸನ್ನು ಕಳೆಯುವುದು.

ಅದರಲ್ಲಿ ದೊಡ್ಡ ಪಾಲು ಮಾಸ್ಫೆಟ್‌ನದು. ಸಣ್ಣ ಘಟಕಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಐಆರ್‌ಎಫ್ 740ರ ಔಟ್‌ಪುಟ್ ಕೆಪಾಸಿಟನ್ಸ್ 25 ವೋಲ್ಟಿನಲ್ಲಿ ಸುಮಾರು 330 ಪೈಕೊಫ್ಯಾರಡ್. ಒತ್ತಡ ಅದಕ್ಕಿಂತ ಕೆಳಗಿಳಿದಂತೆ ಇದು ಇನ್ನೂ ಏರುತ್ತದೆ. ಕಡಿಮೆ ಇದ್ದರೆ ಒಳ್ಳೆಯದೆನಿಸುವ ಹೊತ್ತಿನಲ್ಲೇ ಅದು ಹೆಚ್ಚಾಗುವುದು ದುರದೃಷ್ಟ. ಇದಕ್ಕೆ ಪರಿಹಾರವೆಂದರೆ ಮಾಸ್ಫೆಟ್‌ನ ಡ್ರೈನ್ ಮತ್ತು ಕಾಯಿಲ್‌ನ ನಡುವೆ ಅತಿವೇಗದ ಡಯೋಡ್ ಒಂದನ್ನು ಸರಣಿಯಲ್ಲಿ ಹಾಕುವುದು. 600 ವೋಲ್ಟ್, 4 ಆಂಪಿಯರ್‌ನ ಎಂಯುಆರ್ 460 ಈ ಕೆಲಸಕ್ಕೆ ಹೊಂದುತ್ತದೆ. ಘೀಳು ಮುಗಿದೊಡನೆ ಡಯೋಡ್ ಮುಚ್ಚಿಕೊಂಡು ಮಾಸ್ಫೆಟ್‌ನ ಕೆಪಾಸಿಟನ್ಸನ್ನು ಕಾಯಿಲ್‌ನಿಂದ ಬೇರ್ಪಡಿಸುತ್ತದೆ. ಪ್ರವಾಹ ಹರಿಯುವಾಗ ಡಯೋಡಿನಲ್ಲಿ ಒಂದು ವೋಲ್ಟಿನಷ್ಟು ನಷ್ಟವಾಗುವುದು ನಿಜ, ಆದರೆ ಅದು ಸಹಿಸಿಕೊಳ್ಳಬಹುದಾದ ನಷ್ಟ.

ಎರಡನೆಯ ಪಾಲು ಕೇಬಲ್‌ನದು. ಆರ್‌ಜಿ 58 ಮಾದರಿಯ ಕೋ-ಆಕ್ಸಿಯಲ್ ಕೇಬಲ್ ಮೀಟರಿಗೆ ಸುಮಾರು 100 ಪೈಕೊಫ್ಯಾರಡ್ ಸೇರಿಸುತ್ತದೆ. ಕಂಟ್ರೋಲ್ ಪೆಟ್ಟಿಗೆಯನ್ನು ಬೆಲ್ಟಿನಿಂದ ಐದು ಮೀಟರ್ ದೂರದ ಗೋಡೆಗೆ ಕಟ್ಟಿದರೆ ಕೇಬಲ್ ಒಂದರಿಂದಲೇ 500 ಪೈಕೊಫ್ಯಾರಡ್ ಬಂದಂತಾಯಿತು. ಸ್ವಿಚಿಂಗ್ ಭಾಗ ಮತ್ತು ಮೊದಲ ಆಂಪ್ಲಿಫೈಯರನ್ನು ಕಾಯಿಲ್‌ನ ಪಕ್ಕದಲ್ಲೇ ಚಿಕ್ಕ ಪೆಟ್ಟಿಗೆಯಲ್ಲಿಟ್ಟು, ಬಲಗೊಂಡ ಸಂಕೇತವನ್ನು ಮಾತ್ರ ದೂರಕ್ಕೆ ಒಯ್ಯುವುದು ಉತ್ತಮ ವಿನ್ಯಾಸ. ಕಾಯಿಲ್‌ನ ಸುತ್ತುಗಳನ್ನು ಒತ್ತಾಗಿ ಕಟ್ಟದೆ, ದಪ್ಪ ಪ್ಲಾಸ್ಟಿಕ್ ಅಥವಾ ಟೆಫ್ಲಾನ್ ಹೊದಿಕೆಯ ತಂತಿ ಬಳಸಿದರೆ ಉಳಿದ ಕೆಪಾಸಿಟನ್ಸೂ ಇಳಿಯುತ್ತದೆ.

ಇಲ್ಲಿ ನಕಲು ಮಾಡುವವರು ಎಡವುವ ಒಂದು ಸೂಕ್ಷ್ಮವಿದೆ. ಕಾಯಿಲ್‌ನಿಂದ ಆಂಪ್ಲಿಫೈಯರ್‌ಗೆ ಹೋಗುವ ಹಾದಿಯಲ್ಲಿ ಸಾಮಾನ್ಯವಾಗಿ 1 ಕಿಲೊ ಓಮ್‌ನ ಇನ್‌ಪುಟ್ ರೆಸಿಸ್ಟರ್, ಅದರ ನಂತರ ನೆಲಕ್ಕೆ ಎದುರುಬದುರಾಗಿ ಜೋಡಿಸಿದ ಎರಡು ಡಯೋಡ್ ಇರುತ್ತವೆ. 400 ವೋಲ್ಟನ್ನು ಆಂಪ್ಲಿಫೈಯರ್‌ಗೆ ತಲುಪದಂತೆ 0.7 ವೋಲ್ಟಿನಲ್ಲಿ ತಡೆಯುವುದು ಈ ಡಯೋಡ್‌ಗಳ ಕೆಲಸ. ಆಂಪ್ಲಿಫೈಯರ್ ಇನ್ವರ್ಟಿಂಗ್ ಜೋಡಣೆಯಲ್ಲಿದ್ದರೆ ಈ 1 ಕಿಲೊ ಓಮ್ ಕೊನೆಯವರೆಗೂ ಕಾಯಿಲ್‌ಗೆ ಹೊರೆಯಾಗಿಯೇ ಇರುತ್ತದೆ. ಆಗ ಬೇಕಾದ 500 ಓಮ್ ಸಿಗಲು ಡ್ಯಾಂಪಿಂಗ್ ರೆಸಿಸ್ಟರ್ 1 ಕಿಲೊ ಓಮ್ ಇರಬೇಕು. ನಾನ್-ಇನ್ವರ್ಟಿಂಗ್ ಜೋಡಣೆಯಲ್ಲಿ ಡಯೋಡ್ ಮುಚ್ಚಿಕೊಂಡೊಡನೆ ಆ ಹೊರೆ ಮಾಯವಾಗುತ್ತದೆ, ಆದ್ದರಿಂದ ಡ್ಯಾಂಪಿಂಗ್ ರೆಸಿಸ್ಟರ್ ಒಂದೇ 500 ಓಮ್ ಇರಬೇಕು. ಒಂದು ಮಂಡಲದ ಬೆಲೆಯನ್ನು ಇನ್ನೊಂದಕ್ಕೆ ಹಾಗೆಯೇ ಎತ್ತಿ ಹಾಕಿದರೆ ಎರಡೂ ಕೆಡುತ್ತವೆ.

ರೆಸಿಸ್ಟರ್‌ಗಳ ಆಯ್ಕೆಯಲ್ಲಿ ಜಿಪುಣತನ ಸಲ್ಲದು. 300 ಮೈಕ್ರೊಹೆನ್ರಿ ಕಾಯಿಲ್‌ನಲ್ಲಿ 2 ಆಂಪಿಯರ್ ಹರಿಯುವಾಗ 0.6 ಮಿಲಿಜೂಲ್ ಶಕ್ತಿ ಇರುತ್ತದೆ. ಸೆಕೆಂಡಿಗೆ ಸಾವಿರ ಪಲ್ಸ್ ಆದರೆ ಇದು 0.6 ವ್ಯಾಟ್. ಅದರ ಬಹುಭಾಗ ಡ್ಯಾಂಪಿಂಗ್ ಮತ್ತು ಇನ್‌ಪುಟ್ ರೆಸಿಸ್ಟರ್‌ಗಳಲ್ಲೇ ಬಿಸಿಯಾಗಿ ಕಳೆಯುತ್ತದೆ. ಜೊತೆಗೆ ಕಾಲು ವ್ಯಾಟಿನ ಸಾಮಾನ್ಯ ರೆಸಿಸ್ಟರ್‌ಗೆ ಸಲ್ಲುವ ಒತ್ತಡ 250 ವೋಲ್ಟಿನ ಆಸುಪಾಸು, ಬೀಳುವುದು 400. ತಿಂಗಳುಗಟ್ಟಲೆ ಇಂತಹ ಹೊಡೆತ ತಿಂದ ರೆಸಿಸ್ಟರ್‌ನ ಬೆಲೆ ಜಾರುತ್ತದೆ, ಡ್ಯಾಂಪಿಂಗ್ ಕೆಡುತ್ತದೆ, “ಯಂತ್ರ ಮೊದಲಿನಂತಿಲ್ಲ” ಎಂಬ ದೂರು ಬರುತ್ತದೆ. ಡ್ಯಾಂಪಿಂಗ್‌ಗೆ 2 ವ್ಯಾಟಿನ ಮೆಟಲ್ ಫಿಲ್ಮ್ ರೆಸಿಸ್ಟರ್, ಇನ್‌ಪುಟ್‌ಗೆ ಒಂದೊಂದು ವ್ಯಾಟಿನ ಎರಡು 470 ಓಮ್ ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಹಾಕುವುದು ಕ್ಷೇಮ. ತಂತಿ ಸುತ್ತಿದ ರೆಸಿಸ್ಟರ್ ಮಾತ್ರ ಬೇಡ, ಅದು ತಾನೇ ಒಂದು ಪುಟ್ಟ ಕಾಯಿಲ್.

ಡಯೋಡ್‌ಗಳಿಗೆ 1ಎನ್4148 ಸಾಕು. ಇದು 4 ನ್ಯಾನೊಸೆಕೆಂಡಿನಲ್ಲಿ ಚೇತರಿಸಿಕೊಳ್ಳುತ್ತದೆ. ಕೈಗೆ ಸಿಕ್ಕಿತೆಂದು ವಿದ್ಯುತ್ ಪೂರೈಕೆ ಭಾಗದ 1ಎನ್4007 ಡಯೋಡನ್ನು ಇಲ್ಲಿ ಹಾಕಿದರೆ ಅದು ಎಚ್ಚರಗೊಳ್ಳಲು ಮೈಕ್ರೊಸೆಕೆಂಡುಗಳೇ ಬೇಕು. ಅಲ್ಲಿಗೆ ಮಾಡಿದ ಕೆಲಸವೆಲ್ಲ ನೀರಪಾಲು.

ಆಂಪ್ಲಿಫೈಯರ್‌ನ ಆತುರ

ಹಲವು ಹಳೆಯ ವಿನ್ಯಾಸಗಳಲ್ಲಿ ಮೊದಲ ಆಂಪ್ಲಿಫೈಯರ್ ಒಂದೇ ಏಟಿಗೆ ಸಂಕೇತವನ್ನು ಸಾವಿರ ಪಟ್ಟು ಬಲಪಡಿಸುತ್ತದೆ. ಭಾಗಗಳ ಸಂಖ್ಯೆ ಕಡಿಮೆಯಾಗುವುದೇ ಇದರ ಆಕರ್ಷಣೆ. ಆದರೆ ಆಂಪ್ಲಿಫೈಯರ್‌ನ ಬಲ ಮತ್ತು ವೇಗ ಒಂದೇ ತಕ್ಕಡಿಯ ಎರಡು ತಟ್ಟೆಗಳು. ಬಲ ಮತ್ತು ಬ್ಯಾಂಡ್‌ವಿಡ್ತ್‌ಗಳ ಗುಣಲಬ್ಧ 10 ಮೆಗಾಹರ್ಟ್ಜ್ ಇರುವ ಐಸಿಯಿಂದ ಸಾವಿರ ಪಟ್ಟು ಬಲ ಪಡೆದರೆ ಉಳಿಯುವ ಬ್ಯಾಂಡ್‌ವಿಡ್ತ್ 10 ಕಿಲೊಹರ್ಟ್ಜ್, ಅದರ ಕಾಲಾಂಕ 16 ಮೈಕ್ರೊಸೆಕೆಂಡ್. ನಟ್ಟಿನ ಕಾಲಾಂಕವೇ 5 ಇರುವಾಗ ಈ ಆಂಪ್ಲಿಫೈಯರ್ ಕಣ್ಣು ಬಿಡುವಷ್ಟರಲ್ಲಿ ನಟ್ಟಿನ ಸಂಕೇತ ಹೋಗಿಯಾಗಿರುತ್ತದೆ.

ಇದಲ್ಲದೆ ಡಯೋಡ್‌ಗಳು ಬಿಟ್ಟುಕೊಡುವ 0.7 ವೋಲ್ಟನ್ನು ಸಾವಿರದಿಂದ ಗುಣಿಸಿದರೆ 700 ವೋಲ್ಟ್. 12 ವೋಲ್ಟಿನಲ್ಲಿ ನಡೆಯುವ ಐಸಿ ಅದನ್ನು ಕೊಡಲಾರದೆ ಗೋಡೆಗೆ ಹಾಯ್ದು ನಿಲ್ಲುತ್ತದೆ. ಅಲ್ಲಿಂದ ಮರಳಲು ಮತ್ತಷ್ಟು ಸಮಯ ಬೇಕು.

ಸುಲಭ ಪರಿಹಾರವೆಂದರೆ ಕೆಲಸ ಹಂಚುವುದು. ಮೊದಲ ಹಂತ ನಾನ್-ಇನ್ವರ್ಟಿಂಗ್ ಜೋಡಣೆಯಲ್ಲಿ ಹತ್ತು ಪಟ್ಟು ಮಾತ್ರ ಬಲ ಕೊಡಲಿ. 0.7 ವೋಲ್ಟ್ ಬಂದರೂ ಔಟ್‌ಪುಟ್ 7 ವೋಲ್ಟಾಗುತ್ತದೆ, ಐಸಿ ಗೋಡೆ ಮುಟ್ಟುವುದಿಲ್ಲ. ಬ್ಯಾಂಡ್‌ವಿಡ್ತ್ 1 ಮೆಗಾಹರ್ಟ್ಜ್ ಉಳಿಯುತ್ತದೆ. ಅದರ ನಂತರ ಮತ್ತೊಂದು ರೆಸಿಸ್ಟರ್ ಮತ್ತು ಡಯೋಡ್ ಜೋಡಿ, ಬಳಿಕ ಐವತ್ತು ಪಟ್ಟಿನ ಎರಡನೆಯ ಹಂತ. ಉಳಿದ ಬಲವನ್ನು ಅಳತೆ ಮುಗಿದ ನಂತರದ ಸರಾಸರಿ ಭಾಗದಲ್ಲಿ ಪಡೆಯಬಹುದು, ಅಲ್ಲಿ ಅವಸರವಿಲ್ಲ. ಒಂದು ಐಸಿಯ ಜಾಗದಲ್ಲಿ ಎರಡು ಬಂದವು ಎಂಬುದಷ್ಟೇ ಹೆಚ್ಚುವರಿ ಖರ್ಚು.

ಐಸಿಯ ಸ್ವಂತ ಗದ್ದಲವನ್ನೂ ನೋಡಬೇಕು. 1 ಕಿಲೊ ಓಮ್ ರೆಸಿಸ್ಟರ್ ತನ್ನ ಉಷ್ಣದಿಂದಲೇ ಪ್ರತಿ ವರ್ಗಮೂಲ ಹರ್ಟ್ಜಿಗೆ 4 ನ್ಯಾನೊವೋಲ್ಟ್ ಗದ್ದಲ ಹುಟ್ಟಿಸುತ್ತದೆ. ಎನ್‌ಇ5534 ಐಸಿಯ ಗದ್ದಲವೂ ಹೆಚ್ಚುಕಡಿಮೆ ಅಷ್ಟೇ, ಆದ್ದರಿಂದ ಇವೆರಡಕ್ಕೂ ಹೊಂದಿಕೆ ಚೆನ್ನಾಗಿದೆ. ಅಗ್ಗವೆಂದು ಬಳಸುವ ಟಿಎಲ್072ರ ಗದ್ದಲ 18 ನ್ಯಾನೊವೋಲ್ಟಿನ ಆಸುಪಾಸು, ನಾಲ್ಕು ಪಟ್ಟಿಗೂ ಹೆಚ್ಚು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಇವೆರಡರ ಬೆಲೆಯ ಅಂತರ ಇಡೀ ಯಂತ್ರದ ಬೆಲೆಯ ಮುಂದೆ ಲೆಕ್ಕಕ್ಕಿಲ್ಲ. ಆದರೆ ಎಲ್ಲಿಂದ ತಂದರೂ ಪ್ರತಿ ಕಂತಿನಿಂದ ಒಂದೆರಡನ್ನು ಮಂಡಲದಲ್ಲಿ ಹಾಕಿ ನೋಡದೆ ಇಡೀ ಕಂತನ್ನು ಬೆಸುಗೆಗೆ ಕಳುಹಿಸಬಾರದು.

ಹೊಂದಿಸುವ ಬಗೆ, ಮಾರುವ ಬಗೆ

ಲೆಕ್ಕದಿಂದ ಬಂದ ಡ್ಯಾಂಪಿಂಗ್ ಬೆಲೆ ಆರಂಭಕ್ಕೆ ಮಾತ್ರ. ಪ್ರತಿ ಕಾಯಿಲ್‌ನ ಕೆಪಾಸಿಟನ್ಸ್ ಸ್ವಲ್ಪ ಭಿನ್ನವಾಗಿರುವುದರಿಂದ ಅಂತಿಮ ಹೊಂದಾಣಿಕೆಯನ್ನು ಆಯಾ ಕಾಯಿಲ್, ಅದರದೇ ಕೇಬಲ್, ಅದರದೇ ಪೆಟ್ಟಿಗೆ ಎಲ್ಲ ಜೋಡಿಸಿದ ಮೇಲೆಯೇ ಮಾಡಬೇಕು. ಆಸಿಲೋಸ್ಕೋಪಿನ ಪ್ರೋಬನ್ನು ನೇರವಾಗಿ ಕಾಯಿಲ್‌ಗೆ ಹಚ್ಚುವುದು ಅಪಾಯಕರ. ಮೇಲಾಗಿ ಪ್ರೋಬಿನ ಕೆಪಾಸಿಟನ್ಸೇ ಅಳತೆಯನ್ನು ಕದಡುತ್ತದೆ. ಮೊದಲ ಹಂತದ ಔಟ್‌ಪುಟ್‌ನಲ್ಲಿ ನೋಡಿದರೆ ಸಾಕು. ರೆಸಿಸ್ಟರ್ ಬೆಲೆಯನ್ನು ಕಡಿಮೆಯಿಂದ ಏರಿಸುತ್ತ ಹೋಗಿ, ಗೆರೆಯು ಶೂನ್ಯವನ್ನು ದಾಟಿ ತೂಗಾಡತೊಡಗಿದ ಬಿಂದುವಿನಿಂದ ಒಂದು ಮೆಟ್ಟಿಲು ಹಿಂದೆ ಬಂದು ಆ ಬೆಲೆಯ ಸ್ಥಿರ ರೆಸಿಸ್ಟರನ್ನು ಬೆಸೆಯಬೇಕು.

ಬೇಗ ಅಳೆಯುವ ಯಂತ್ರಕ್ಕೆ ತನ್ನದೇ ತೊಂದರೆಗಳೂ ಇವೆ. ಇಳಿಜಾರಿನ ಮೇಲೆ ನಿಂತು ಅಳೆಯುವುದರಿಂದ ತಾಪಮಾನದ ಸಣ್ಣ ಏರಿಳಿತವೂ ಅಳತೆಯನ್ನು ಅಲುಗಿಸುತ್ತದೆ. ಉಪ್ಪು ನೀರಿನಿಂದ ಒದ್ದೆಯಾದ ಸರಕಿನ ಸಂಕೇತ ಈ ಮೊದಲ ಮೈಕ್ರೊಸೆಕೆಂಡುಗಳಲ್ಲೇ ಕಾಣಿಸಿಕೊಳ್ಳುತ್ತದೆ. ನೆಲದ ಮೇಲೆ ಬಳಸುವ ಉಪಕರಣವಾದರೆ ಕರಾವಳಿ ಮತ್ತು ಮಲೆನಾಡಿನ ಮುರಕಲ್ಲು ಮಣ್ಣಿನ ಕಬ್ಬಿಣದ ಅಂಶವೂ ಸುಳ್ಳು ಸಂಕೇತ ಕೊಡಬಲ್ಲದು. ಆದ್ದರಿಂದ ಅಳತೆಯ ಸಮಯವನ್ನು 10 ಮೈಕ್ರೊಸೆಕೆಂಡಿಗೆ ಬಿಗಿದಿಡದೆ, ಬಳಕೆದಾರರು ಸ್ವಲ್ಪ ಹಿಂದೆ ಮುಂದೆ ಸರಿಸಬಲ್ಲಂತೆ ಗುಂಡಿಯೊಂದನ್ನು ಕೊಡುವುದು ಜಾಣತನ.

ಮಿತಿಯನ್ನು ಮರೆಮಾಚುವುದೂ ಸರಿಯಲ್ಲ. 4 ಮಿಲಿಮೀಟರ್‌ನ ಸ್ಟೇನ್‌ಲೆಸ್ ಗುಂಡಿನ ಕಾಲಾಂಕ ಸುಮಾರು 0.7 ಮೈಕ್ರೊಸೆಕೆಂಡ್. ಮೇಲೆ ಹೇಳಿದ ಎಲ್ಲ ಸುಧಾರಣೆ ಮಾಡಿದರೂ ಅದು ಈ ಬಗೆಯ ಯಂತ್ರದ ಕೈಗೆ ಸಿಗದು. ಆಹಾರ ಪದಾರ್ಥಗಳಲ್ಲಿ ಇನ್ನೂ ಸಣ್ಣ ಚೂರು ಹುಡುಕಬೇಕೆನ್ನುವವರಿಗೆ ಅಧಿಕ ಆವರ್ತನದ, ಸಮತೋಲಿತ ಕಾಯಿಲ್‌ಗಳ ಯಂತ್ರವನ್ನೇ ಸೂಚಿಸಬೇಕು. ಆ ಒಂದು ಮಾರಾಟ ಕೈತಪ್ಪಬಹುದು, ಆದರೆ ನಂತರದ ಜಗಳಕ್ಕಿಂತ ಅದು ಮೇಲು.

ಕೊಟೇಶನ್‌ನಲ್ಲಿ “ಎಲ್ಲ ಲೋಹಗಳನ್ನೂ ಪತ್ತೆಹಚ್ಚುತ್ತದೆ” ಎಂದು ಬರೆಯುವ ರೂಢಿಯನ್ನು ಬಿಟ್ಟು, ಯಾವ ಲೋಹದ ಎಷ್ಟು ಮಿಲಿಮೀಟರ್ ಗುಂಡು, ಬೆಲ್ಟಿನಿಂದ ಎಷ್ಟು ಎತ್ತರದಲ್ಲಿ ಎಂದು ನಮೂದಿಸುವುದು ಮಾರುವವರಿಗೂ ಕೊಳ್ಳುವವರಿಗೂ ಹಿತ. ಪರೀಕ್ಷೆಗೆ ಜೇಬಿನ ಒಂದು ರೂಪಾಯಿ ನಾಣ್ಯವನ್ನು ಬಳಸುವ ಅಭ್ಯಾಸವೂ ದಾರಿ ತಪ್ಪಿಸುವಂಥದು. 1992ರಿಂದ ಟಂಕಿಸಲಾಗುತ್ತಿರುವ ಈ ನಾಣ್ಯ ಅಯಸ್ಕಾಂತಕ್ಕೆ ಅಂಟುವ ಬಗೆಯ ಸ್ಟೇನ್‌ಲೆಸ್ ಸ್ಟೀಲಿನದು. ಅದು ಸಿಕ್ಕಿತೆಂದರೆ ಅಯಸ್ಕಾಂತಕ್ಕೆ ಅಂಟದ 304 ದರ್ಜೆಯ ನಟ್ಟೂ ಸಿಗುತ್ತದೆಂದು ತಿಳಿಯುವಂತಿಲ್ಲ. ಬೇರಿಂಗ್ ಅಂಗಡಿಗಳಲ್ಲಿ ಕೇಳಿ ಪಡೆಯಬಹುದಾದ 304 ದರ್ಜೆಯ ಸ್ಟೇನ್‌ಲೆಸ್ ಗುಂಡುಗಳನ್ನು ಮರದ ಅಥವಾ ಪ್ಲಾಸ್ಟಿಕ್ಕಿನ ಕಡ್ಡಿಗೆ ಅಂಟಿಸಿ, ಯಂತ್ರದ ಜೊತೆಗೇ ಖರೀದಿದಾರರಿಗೆ ಒಂದು ಜೊತೆ ಕೊಟ್ಟರೆ ಪ್ರತಿದಿನ ಬೆಳಿಗ್ಗೆ ಅವರೇ ಪರೀಕ್ಷಿಸಿಕೊಳ್ಳಬಹುದು.

ದುರಸ್ತಿಗೆ ಹೋಗುವ ಸಿಬ್ಬಂದಿಗೆ ಒಂದು ಸೂಚನೆಯನ್ನು ಬರಹದಲ್ಲೇ ಕೊಟ್ಟಿರಬೇಕು. ಖರೀದಿದಾರರು ಪೆಟ್ಟಿಗೆಯ ಜಾಗ ಬದಲಿಸಿ ಕಾಯಿಲ್‌ನ ಕೇಬಲ್ಲನ್ನು ಉದ್ದ ಮಾಡಿಕೊಡಿ ಎಂದರೆ, ಡ್ಯಾಂಪಿಂಗನ್ನು ಮತ್ತೆ ಹೊಂದಿಸದೆ ಸ್ಥಳದಿಂದ ಹೊರಡುವಂತಿಲ್ಲ.